ಮುಲೊಂಬ್ವದ ಮೂರು ಕಿರುಬಗಳು

ಮುಲೊಂಬ್ವದ ಶಾಲೆಗೆ ಎರಡು ಮಳೆಗಾಲದಿಂದ ಅರ್ಧ ಸೂರಿರಲಿಲ್ಲ. ಜಿಲ್ಲೆಯ ಗವರ್ನರ್ ಸಾಹೇಬರು ಭಾಷಣಕ್ಕೆ ಬರುವವರಿದ್ದಾರೆಂದು ಪಕ್ಷದ ಹುಡುಗರು ದೊಡ್ಡ ತರಗತಿಗಳ ಮೇಲಿನ ತಗಡುಗಳನ್ನು ಬಿಚ್ಚಿ ವೇದಿಕೆಗೆ ಹೊದಿಸಿದ್ದರು. ಸಂಜೆಗೆಲ್ಲ ವಾಪಸ್ಸು ಹಾಕಿಕೊಡುತ್ತೇವೆ ಎಂದಿದ್ದರು. ಗವರ್ನರರು ಬಂದರು, ಮಾತಾಡಿದರು, ಮೀನೂಟ ಉಂಡು ಹೊರಟರು. ತಗಡುಗಳೂ ಲಾರಿ ಹತ್ತಿ ಅವರ ಹಿಂದೆಯೇ ಹೋದವು. ಮುಂದಿನ ಊರಲ್ಲೂ ಭಾಷಣವಿತ್ತು, ಅಲ್ಲೂ ಬಿಸಿಲಿತ್ತು.

ಆ ಸೂರಿಲ್ಲದ ಕೋಣೆಯಲ್ಲಿ ಪಾಠ ಮಾಡುತ್ತಿದ್ದವಳು ಆಸ್ಟ್ರಿಡಾ ಚಿಲೆಕ್ವಾ. ಮ್ವೇರು ಸರೋವರದ ದಂಡೆಯಲ್ಲಿ ಹುಟ್ಟಿ, ಮಿಶನ್ ಶಾಲೆಯಲ್ಲಿ ಓದಿ, ಕಸಾಮಾದಲ್ಲಿ ತರಬೇತಿ ಮುಗಿಸಿ ಹುಟ್ಟೂರಿಗೇ ಟೀಚರಾಗಿ ಬಂದವಳು. ಗಂಡ ಲಾರಿ ಓಡಿಸುವವನು. ತಾಮ್ರದ ಗಣಿಗಳ ಕಡೆ ಹೋದವನು ಕಿಟ್ವೆಯಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡ. ಆಸ್ಟ್ರಿಡಾ ಒಂದು ಸಲ ಹೋಗಿ ಕಣ್ಣಾರೆ ನೋಡಿಕೊಂಡು ಬಂದಳು, ಆಮೇಲೆ ಅವನ ಹೆಸರೆತ್ತಲಿಲ್ಲ. ಮಗಳು ಲೆಯಾ ಒಬ್ಬಳೇ ಅವಳ ಪಾಲಿಗೆ. ಹೆಂಗಸರು ಅವಳನ್ನು 'ಬಾನಾ ಲೆಯಾ', ಲೆಯಾಳ ತಾಯಿ, ಎಂದು ಕರೆಯುತ್ತಿದ್ದರು; ಉಳಿದವರಿಗೆಲ್ಲ ಟೀಚರಮ್ಮ.

ತಿಂಗಳಿಗೊಮ್ಮೆ ಅವಳು ಪಕ್ಷದ ವಾರ್ಡ್ ಅಧ್ಯಕ್ಷ ಕಟೊಂಗೊನ ಅಂಗಡಿಗೆ ಹೋಗಿ ತಗಡಿನ ವಿಚಾರ ಕೇಳುವಳು. ಕಟೊಂಗೊ ಸಕ್ಕರೆ, ಸೋಪು, ಸೀಮೆಎಣ್ಣೆ ಮಾರುತ್ತಿದ್ದ. ಪಕ್ಷದ ಕಾರ್ಡು ತೋರಿಸದವರಿಗೆ ಮೂರೂ ಸಿಗುತ್ತಿರಲಿಲ್ಲ.

"ಬರ್ತವೆ ಟೀಚರಮ್ಮ. ದೇಶ ಕಟ್ಟೋ ಕೆಲಸದಾಗೆ ಅವೆ, ಬರ್ತವೆ."

"ದೇಶಕ್ಕೆ ಸೂರಾಯ್ತೇನೋ. ನಮ್ಮ ಮಕ್ಕಳು ನೆನೀತಾ ಅವೆ."

"ನೆನೀಲಿ ಬಿಡಿ. ಮರಗೆಣಸೂ ನೆನೆದೇ ಬೆಳೆಯೋದು."

ಅಂಗಡಿಯ ಕಟ್ಟೆಯ ಮೇಲೆ ಕೂತವರು ನಗುವರು. ಆಸ್ಟ್ರಿಡಾ ಸೋಪು ತೆಗೆದುಕೊಂಡು ಮನೆಗೆ ಬರುವಳು.

ಆ ವರ್ಷದ ಕೊನೆಗೆ, ಮಳೆ ಶುರುವಾದ ಮೇಲೆ, ದೇಶದ ಅಧ್ಯಕ್ಷರ ಚುನಾವಣೆ ಬಂತು. ನಿಂತವರು ಒಬ್ಬರೇ, ಇದ್ದದ್ದೂ ಒಂದೇ ಪಕ್ಷ. ಮತಪತ್ರದಲ್ಲಿ ಎರಡು ಚಿತ್ರ: ಬೇಕು ಎನ್ನುವವರಿಗೆ ಹದ್ದು, ಬೇಡ ಎನ್ನುವವರಿಗೆ ಕತ್ತೆಕಿರುಬ. ಹದ್ದು ರೆಕ್ಕೆ ಬಿಚ್ಚಿ ಠೀವಿಯಿಂದ ಹಾರುತ್ತಿತ್ತು. ಕಿರುಬನನ್ನು ಬರೆದವನು ಬೇಕೆಂದೇ ಬೆನ್ನು ಬಗ್ಗಿಸಿ, ನಾಲಗೆ ಚಾಚಿಸಿ ಬರೆದಿದ್ದ. ಕಿರುಬ ಎಂದರೆ ಆ ಸೀಮೆಯಲ್ಲಿ ಮಾಟಗಾರರು ಸವಾರಿ ಮಾಡುವ ಪ್ರಾಣಿ. ಅದರ ಮುಂದೆ ಗುರುತು ಹಾಕಲು ಎಂಥವನಿಗೂ ಕೈ ಹಿಂಜರಿಯಬೇಕು.

ಓದುಬರಹ ಬಲ್ಲವಳೆಂದು ಮುಲೊಂಬ್ವದ ಮತಗಟ್ಟೆಗೆ ಆಸ್ಟ್ರಿಡಾಳನ್ನೇ ಅಧಿಕಾರಿಯಾಗಿ ಹಾಕಿದರು. ಸೂರಿದ್ದ ಚಿಕ್ಕ ಕೋಣೆಯಲ್ಲಿ ಮೇಜು, ಪೆಟ್ಟಿಗೆ, ಒಂದು ಮೂಲೆಗೆ ಹೆಂಗಸರು ಸೊಂಟಕ್ಕೆ ಉಡುವ ಸುತ್ತುಬಟ್ಟೆ ಕಟ್ಟಿದ ಮರೆ. ಬೆಳಗಿನಿಂದಲೇ ಸಾಲು. ಪಕ್ಷದ ಹುಡುಗರು ಮನೆಮನೆಗೆ ಹೋಗಿ ಜನರನ್ನು ಕರೆದುಕೊಂಡು ಬರುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮುದುಕ ಚಿಸಾಲಾ ಬಂದ. ಅವನು ಮೀನಿನ ಕುಲದವನು, ಆಸ್ಟ್ರಿಡಾ ಮೊಸಳೆ ಕುಲದವಳು. ಈ ಎರಡು ಕುಲದವರು ಎದುರಾದಾಗ ಒಬ್ಬರನ್ನೊಬ್ಬರು ಜರೆಯದೆ ಹೋದರೆ ಅದೇ ಅವಮರ್ಯಾದೆ. ಒಬ್ಬರು ಸತ್ತರೆ ಇನ್ನೊಬ್ಬರು ಗುಂಡಿ ತೋಡಬೇಕು, ಹೆಣದ ಮುಂದೆಯೂ ನಗಿಸಬೇಕು. ತಲೆಮಾರುಗಳಿಂದ ಬಂದ ಲೆಕ್ಕ ಅದು.

"ಏ ಮೊಸಳೆ," ಎಂದ ಚಿಸಾಲಾ ಮತಪತ್ರ ತಿರುಗಿಸಿ ನೋಡುತ್ತ, "ನಿನ್ನ ಫೋಟೋ ಯಾಕೆ ಹಾಕವ್ರೆ ಇದರಾಗೆ?"

"ಅದು ಹದ್ದು ಕಣೋ ಮೀನೇ. ನೀರಿಂದ ಎತ್ಕೊಂಡು ಹೋಗ್ತದೆ, ಹುಷಾರು."

"ಹದ್ದಲ್ಲ, ಕೆಳಗಿಂದು. ಹಲ್ಲು ನಿಂದೇ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಾಗಿಲಲ್ಲಿ ನಿಂತ ಪಕ್ಷದ ಹುಡುಗನೂ ನಕ್ಕ. ಚಿಸಾಲಾ ಮರೆಗೆ ಹೋಗಿ ಬಂದು, ಮತಪತ್ರವನ್ನು ಪೆಟ್ಟಿಗೆಗೆ ತೂರಿಸಿ ಹೋದ.

ಎಲ್ಲರದೂ ಮುಗಿದ ಮೇಲೆ ಆಸ್ಟ್ರಿಡಾಳ ಸರದಿ. ಮರೆಯೊಳಗೆ ನಿಂತಾಗ ಪಕ್ಕದ ಕೋಣೆಯಲ್ಲಿ ಮಳೆ ನೀರು ನೆಲಕ್ಕೆ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು. ಅವಳಿಗೆ ಅಧ್ಯಕ್ಷರ ಮೇಲೆ ಸಿಟ್ಟಿರಲಿಲ್ಲ. ಅವರು ಸ್ವಾತಂತ್ರ್ಯ ತಂದವರು, ಅವರ ಪಟ ಅವಳ ಮನೆಯಲ್ಲೂ ಇತ್ತು. ಆದರೆ ತಗಡು ಒಯ್ದದ್ದು ಹದ್ದಿನವರು. ಕಿರುಬ ಏನನ್ನೂ ಒಯ್ದಿರಲಿಲ್ಲ. ಅವಳು ಕಿರುಬನ ಮುಂದೆ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಹಾಕಿ, ಬೀಗ ಹಾಕಿ ಮುದ್ರೆ ಒತ್ತಿದಳು.

ಪೆಟ್ಟಿಗೆಯನ್ನು ಲಾರಿಯಲ್ಲಿ ಬೋಮಾಕ್ಕೆ ಒಯ್ದರು. ಜಿಲ್ಲೆಯ ಕಚೇರಿಗಳೆಲ್ಲ ಇರುವ ಊರು ಅದು. ಎಣಿಕೆ ಅಲ್ಲಿನ ಸಭಾಂಗಣದಲ್ಲಿ. ದಾರಿ ಕೆಸರಾಗಿ ಲಾರಿ ತಡವಾಯಿತೆಂದು ಪೆಟ್ಟಿಗೆಗಳು ಆ ರಾತ್ರಿ ಪಕ್ಷದ ಕಚೇರಿಯಲ್ಲೇ ಉಳಿದವು. ಮತಗಟ್ಟೆ ಅಧಿಕಾರಿಗಳನ್ನು ಮಿಶನ್ನಿನ ಅತಿಥಿಗೃಹದಲ್ಲಿ ಮಲಗಿಸಿದರು.

ಮರುದಿನ ಆಸ್ಟ್ರಿಡಾ ತನ್ನ ಪೆಟ್ಟಿಗೆಯ ಮುಂದೆ ಕೂತು ಎಣಿಸಿದಳು. ಮುದ್ರೆ ಸರಿಯಾಗಿಯೇ ಇತ್ತು. ನಾನೂರ ಚಿಲ್ಲರೆ ಮತಪತ್ರ, ಎಲ್ಲವೂ ಹದ್ದು. ಅವಳು ಇನ್ನೊಂದು ಸಲ ಎಣಿಸಿದಳು. ಪೆಟ್ಟಿಗೆಯೊಳಗೆ ಕೈ ಹಾಕಿ ತಡಕಿದಳು. ಅವಳ ಕಿರುಬ ಎಲ್ಲೂ ಇರಲಿಲ್ಲ.

ಆ ಗಳಿಗೆಯಲ್ಲಿ ಅವಳಿಗೆ ಹೆದರಿಕೆಗಿಂತ ಮುಂಚೆ ಬಂದದ್ದು ಒಂದು ಬಗೆಯ ನಾಚಿಕೆ, ತನ್ನ ಸುತ್ತುಬಟ್ಟೆ ಯಾರೋ ಎಳೆದ ಹಾಗೆ. ಸುತ್ತ ನೋಡಿದಳು. ಬೇರೆ ಮೇಜುಗಳ ಅಧಿಕಾರಿಗಳು ತಲೆ ಬಗ್ಗಿಸಿ ಎಣಿಸುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಚುನಾವಣಾ ಕಚೇರಿಯ ಸಿಂಫುಕ್ವೆ ಎಂಬವನು ಮೇಜಿಂದ ಮೇಜಿಗೆ ಬರುತ್ತಿದ್ದ. ತೆಳ್ಳಗಿನ, ಸಭ್ಯ ಮನುಷ್ಯ. ಅವಳ ಲೆಕ್ಕ ನೋಡಿ ಹಣೆ ಉಜ್ಜಿಕೊಂಡ.

"ಇದು ಚೆನ್ನಾಗಿ ಕಾಣಲ್ಲ ಮೇಡಂ."

"ಏನು ಸರ್?"

"ಒಂದೂ ಕಿರುಬ ಇಲ್ಲ. ಹೋದ ಸಲ ಹೀಗೇ ಕೆಲವು ಕಡೆ ನೂರಕ್ಕೆ ನೂರು ಬಂದಿತ್ತು, ಹೊರದೇಶದ ರೇಡಿಯೋದವರು ಆಡ್ಕೊಂಡ್ರು. ನಂಬೋ ಹಾಗೆ ಇರಬೇಕಲ್ವಾ? ಅಕ್ಕಿ ಅಂದ್ಮೇಲೆ ನಾಲ್ಕು ಕಲ್ಲು ಇರುತ್ತೆ."

"ಈಗ ನಾನೇನು ಮಾಡ್ಲಿ?"

"ಉಳಿದ ಖಾಲಿ ಪತ್ರ ಇವೆಯಲ್ಲ, ಮೂರಕ್ಕೆ ಕಿರುಬದ ಗುರುತು ಹಾಕಿ. ಮೂರು ಹದ್ದು ತೆಗೆದುಬಿಡಿ. ಮೂರು ಸಾಕು, ಜಾಸ್ತಿ ಬೇಡ."

ಆಸ್ಟ್ರಿಡಾ ಪೆನ್ಸಿಲ್ ತೆಗೆದುಕೊಂಡಳು. ಮೊದಲನೆಯದಕ್ಕೆ ನೆಟ್ಟಗೆ ಗುರುತು ಹಾಕಿದಳು; ಅದು ಅವಳದೇ, ಕಳೆದದ್ದು ವಾಪಸ್ಸು ಬಂದಂತೆ. ಎರಡನೆಯದಕ್ಕೂ ಮೂರನೆಯದಕ್ಕೂ ಹಾಕುವ ಮುಂಚೆ ಮಾತ್ರ ಪೆನ್ಸಿಲನ್ನು ಒಮ್ಮೆ ಕೆಳಗಿಟ್ಟಳು. ಅವು ಯಾರವೂ ಅಲ್ಲ. ಸಿಂಫುಕ್ವೆ ಥ್ಯಾಂಕ್ಸ್ ಹೇಳಿ ಮುಂದಿನ ಮೇಜಿಗೆ ಹೋದ.

ಅಧ್ಯಕ್ಷರು ಭಾರಿ ಬಹುಮತದಿಂದ ಗೆದ್ದರೆಂದು ರೇಡಿಯೋ ಎಲ್ಲ ಭಾಷೆಗಳಲ್ಲೂ ಹೇಳಿತು. ಮುಲೊಂಬ್ವದಲ್ಲಿ ಕಟೊಂಗೊ ರಾಗಿ ಹೆಂಡ ಹಂಚಿಸಿದ, ಹೆಂಗಸರು ಕುಣಿದರು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಸಿಂಫುಕ್ವೆಯ ಬುದ್ಧಿವಂತಿಕೆ ಗವರ್ನರರಿಗೆ ಗೊತ್ತಿರಲಿಲ್ಲ. ಮತಗಟ್ಟೆವಾರು ಲೆಕ್ಕ ಅವರ ಕೈಗೆ ಹೋದಾಗ, ಪಕ್ಕದ ಜಿಲ್ಲೆಯ ಗವರ್ನರ್ ಒಂದೂ ಕಿರುಬ ಬಿಡಲಿಲ್ಲವೆಂದು ರಾಜಧಾನಿಯಲ್ಲಿ ಬೆನ್ನು ತಟ್ಟಿಸಿಕೊಂಡು ಬಂದಿದ್ದ. ಹೊಸ ವರ್ಷದ ಮೊದಲ ಸಭೆಗೆ ಅವರು ಮುಲೊಂಬ್ವಕ್ಕೇ ಬಂದರು.

"ಈ ಊರಲ್ಲಿ ಮೂರು ಕಿರುಬ ಓಡಾಡ್ತಿವೆ," ಎಂದರು ಮೈಕಿನಲ್ಲಿ. "ನಿಮ್ಮ ಜೊತೇಲೇ ಉಣ್ತಿವೆ, ನಿಮ್ಮ ಬಾವೀಲೇ ನೀರು ಸೇದ್ತಿವೆ. ಹಿಡ್ಕೊಡಿ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸ್ಟ್ರಿಡಾ ಮಕ್ಕಳ ಸಾಲಿನ ಪಕ್ಕ ನಿಂತಿದ್ದಳು. ಹಿಡಿದುಕೊಡು ಎಂದರೆ ಯಾರನ್ನು? ಒಬ್ಬಳು ಇಲ್ಲಿ ನಿಂತಿದ್ದಾಳೆ, ಉಳಿದಿಬ್ಬರು ಪೆನ್ಸಿಲಿನಿಂದ ಹುಟ್ಟಿದವರು. ಆದರೂ ಆ ಸಂಜೆಯೇ ಮೂರು ಕಿರುಬಗಳು ಊರಲ್ಲಿ ತಿರುಗಾಡತೊಡಗಿದವು. ಜಮೀನಿನ ಜಗಳ ಇದ್ದವರು ಎದುರಾಳಿಯ ಹೆಸರು ಹೇಳಿದರು. ಸವತಿಯರು ಸವತಿಯರನ್ನು ತೋರಿಸಿದರು. ಚರ್ಚಿನಲ್ಲಿ ಪಾಠ ಹೇಳುವ ಕ್ರಿಸಂತ್ ಮೂರು ಭಾನುವಾರ ಅಧ್ಯಕ್ಷರಿಗಾಗಿ ಜೋರಾಗಿ ಪ್ರಾರ್ಥಿಸಿದ. ಅಷ್ಟು ಜೋರಾಗಿ ಯಾಕೆ ಎಂದು ಜನ ಅವನನ್ನೇ ಅನುಮಾನಿಸಿದರು.

ಅಷ್ಟರಲ್ಲಿ ಮೊಸಳೆ ಕುಲದ ಮುದುಕಿಯೊಬ್ಬಳು ಸತ್ತಳು. ಚಿಸಾಲಾ ತನ್ನ ಕುಲದವರ ಜೊತೆ ಗುಂಡಿ ತೋಡಲು ಬಂದ. ಹೆಣದ ಮುಂದೆ ಎಲ್ಲರೂ ಬಿಗಿದುಕೊಂಡು ಕೂತಿದ್ದರು. ಅಳುವವರೂ ಅಕ್ಕಪಕ್ಕ ನೋಡಿ ಅಳುತ್ತಿದ್ದರು. ಚಿಸಾಲಾನಿಗೆ ಅದನ್ನು ಸಹಿಸಲಾಗಲಿಲ್ಲ. ಗುದ್ದಲಿ ಊರಿ ನಿಂತು ಕೂಗಿದ:

"ಯಾಕ್ರೋ ಹಿಂಗೆ ಮುಖ ಗಂಟು ಹಾಕ್ಕೊಂಡೀರಿ? ಕಿರುಬ ಹುಡುಕ್ತಾ ಇದೀರಾ? ಬನ್ನಿ, ಇಲ್ಲೇ ಅವ್ನೆ! ಒಂದು ನಾನು, ಎರಡನೇದು ನನ್ನ ಹೆಂಡ್ರು, ಮೂರನೇದು ನನ್ನ ನಾಯಿ. ಅದಕ್ಕೂ ಕಾರ್ಡು ಮಾಡಿಸಿದ್ನಲ್ಲ ಕಟೊಂಗೊ, ಓಟು ಹಾಕದೆ ಇದ್ದೀತಾ!"

ಇಡೀ ಸಾವಿನ ಮನೆ ನಕ್ಕಿತು. ಎಷ್ಟೋ ವಾರದಿಂದ ಕಟ್ಟಿಕೊಂಡಿದ್ದ ನಗೆ ಅದು. ಕಟೊಂಗೊ ಮಾತ್ರ ನಗಲಿಲ್ಲ. ಅವನ ಮೇಲೂ ಒತ್ತಡವಿತ್ತು, ಎರಡು ಸಲ ಬೋಮಾಕ್ಕೆ ಕರೆಸಿ ಬೈದು ಕಳಿಸಿದ್ದರು. ಮರುವಾರ ಪಕ್ಷದ ಹುಡುಗರು ಚಿಸಾಲಾನ ಕಾರ್ಡು ಕಿತ್ತುಕೊಂಡರು. ಕಾರ್ಡಿಲ್ಲದೆ ಸಂತೆಯೊಳಕ್ಕೆ ಬಿಡಲಿಲ್ಲ. ಹಿಡಿದ ಮೀನು ಕೊಳೆಯಿತು. ಆಮೇಲೆ ಪೊಲೀಸರು ಬಂದು ಅವನನ್ನೇ ಕರೆದುಕೊಂಡು ಹೋದರು. ಅವನ ಹೆಂಡತಿ ನಾಂಪುಂಡು ಜೀಪಿನ ಹಿಂದೆ ಓಡಿ, ರಸ್ತೆ ತಿರುವಿನಲ್ಲಿ ಕೂತುಬಿಟ್ಟಳು.

ಆಸ್ಟ್ರಿಡಾ ಕಟೊಂಗೊನ ಅಂಗಡಿಗೆ ಹೋದಳು.

"ತಮಾಷೆ ಮಾಡಿದ್ದಕ್ಕೆ ಜೈಲಾ? ಸಾವಿನ ಮನೇಲಿ ಅವನು ಇನ್ನೇನು ಮಾಡಬೇಕಿತ್ತು?"

"ಅವನೇ ಬಾಯಿಬಿಟ್ಟು ಒಪ್ಕೊಂಡ, ಟೀಚರಮ್ಮ. ನಾನೇನು ಮಾಡ್ಲಿ?"

"ನಾಯೀನೂ ಹಿಡ್ಕೊಂಡು ಹೋಗಬೇಕಿತ್ತು ಹಂಗಾರೆ."

ಕಟೊಂಗೊ ತಕ್ಕಡಿಯನ್ನು ಅತ್ತಿತ್ತ ಸರಿಸಿದ. "ನಂಗೂ ಮಕ್ಕಳು ಮರಿ ಅವೆ. ಮೂರರಲ್ಲಿ ಒಂದಾದ್ರೂ ಕೊಡು ಅಂತಾರೆ. ನೀವು ಹೇಳಿ, ಯಾರನ್ನ ಕೊಡ್ಲಿ?"

ಅವಳು ಮನೆಗೆ ಬಂದಳು. ಎರಡು ದಿನ ಶಾಲೆಗೆ ಹೋದಳು, ಬಂದಳು. ಮೂರನೆಯ ದಿನ ಲೆಯಾಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಭಾನುವಾರದ ಉಡುಪು ಹಾಕಿಕೊಂಡು ಮೀನಿನ ಲಾರಿ ಹತ್ತಿ ಬೋಮಾಕ್ಕೆ ಹೋದಳು. ಧೈರ್ಯ ಎಂದು ಆಮೇಲೆ ಜನ ಅದಕ್ಕೆ ಹೆಸರಿಟ್ಟರು. ಅವಳು ಹೇಳುತ್ತಿದ್ದುದು ಬೇರೆ: ಆ ದಿನ ಲಾರಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ ಎಂದು.

ಗವರ್ನರರ ಕೋಣೆಯಲ್ಲಿ ಫೈಲು ಹಿಡಿದು ಸಿಂಫುಕ್ವೆಯೂ ನಿಂತಿದ್ದ.

"ಆ ಮೂರರಲ್ಲಿ ಒಂದು ನಂದು ಸರ್," ಎಂದಳು ಆಸ್ಟ್ರಿಡಾ. "ಮುದುಕನ್ನ ಬಿಟ್ಟುಬಿಡಿ."

ಗವರ್ನರರು ಕನ್ನಡಕ ತೆಗೆದರು. "ನೀವಾ? ಓದಿದೋರು ನೀವು! ಅಧ್ಯಕ್ಷರು ನಿಮಗೇನು ಅನ್ಯಾಯ ಮಾಡಿದ್ರು?"

"ಏನೂ ಮಾಡಿಲ್ಲ ಸರ್. ನಮ್ಮ ಶಾಲೆ ತಗಡು ಹೋಗಿದ್ವು. ಎರಡು ವರ್ಷ ಕೇಳಿದೆ. ಗುರುತು ಹಾಕಿ ಹೇಳಿ ಅಂತ ಯಾರಾದ್ರೂ ಒಂದು ಕಾಗದ ಕೊಟ್ಟಿದ್ದು ಅದೊಂದೇ ಸಲ."

"ಯಾವ ತಗಡು?"

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳು ಹೇಳಿದಳು. ಅವರು ಕೇಳಿಸಿಕೊಂಡು ಕಿಟಕಿಯ ಕಡೆ ನೋಡಿದರು.

"ಆ ಮುದುಕ ನೂರಾರು ಜನರ ಮುಂದೆ ಹೇಳಿದ್ದಾನಲ್ಲ, ತಾನೇ ಕಿರುಬ ಅಂತ?"

"ಅವನು ಮೀನು, ನಾವು ಮೊಸಳೆ. ನಗಿಸೋದು ಅವನ ಪಾಲಿನ ಕೆಲಸ. ತಮ್ಮದು ಯಾವ ಕುಲ ಸರ್?"

"ಚಿರತೆ."

"ಮೇಕೆ ಕುಲದೋರು ತಮ್ಮನ್ನ ಬೈದ್ರೆ ಒಳಗೆ ಹಾಕಿಸ್ತೀರಾ?"

ಗವರ್ನರರ ಬಾಯಿಯ ಮೂಲೆ ಒಂದಿಷ್ಟು ಅಲುಗಿತು. ಮರುಕ್ಷಣ ಮುಖ ಮತ್ತೆ ಕಚೇರಿಯ ಮುಖವಾಯಿತು. "ಸರಿ. ಉಳಿದಿಬ್ಬರು ಯಾರು?"

ಸಿಂಫುಕ್ವೆ ಫೈಲನ್ನು ಎದೆಗೆ ಒತ್ತಿಕೊಂಡ. ಆಸ್ಟ್ರಿಡಾ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆ ಮಾತು ಮೂರು ಪತ್ರಕ್ಕೆ ನಿಲ್ಲುತ್ತಿರಲಿಲ್ಲ, ಇಡೀ ಪೆಟ್ಟಿಗೆ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ದೊಡ್ಡದನ್ನು ಬಿಚ್ಚಲು ಅವಳು ಬಂದಿರಲಿಲ್ಲ. ಮುದುಕನನ್ನು ಕರೆದೊಯ್ಯಲು ಬಂದಿದ್ದಳು.

"ಗೊತ್ತಿಲ್ಲ ಸರ್," ಎಂದಳು.

ಸಂಜೆ ಚಿಸಾಲಾನನ್ನು ಬಿಟ್ಟರು. ಗಡ್ಡ ಬೆಳೆದು, ಕೆಮ್ಮುತ್ತ ಹೊರಬಂದವನು ಅವಳನ್ನು ಕಂಡು ನಿಂತ.

"ನಿಂಗೆ ಯಾರು ಹೇಳಿದ್ರೇ ಮೊಸಳೆ, ನನ್ನ ಬಿಡಿಸು ಅಂತ? ಒಳಗೆ ದಿನಾ ಹುರುಳಿಕಾಯಿ ಸಾರು ಹಾಕ್ತಿದ್ರು."

"ಮನೇಲಿ ನಾಂಪುಂಡು ಅಳ್ತಾ ಕೂತವ್ಳೆ. ನಡಿ."

"ಅಳ್ಲಿ. ಮೂವತ್ತು ವರ್ಷದಾಗೆ ನಂಗೋಸ್ಕರ ಅತ್ತಿದ್ದೇ ಇಲ್ಲ ಅವ್ಳು." ನಾಲ್ಕು ಹೆಜ್ಜೆ ನಡೆದು ಅವನು ಗೋಡೆ ಹಿಡಿದುಕೊಂಡ. ಆಸ್ಟ್ರಿಡಾ ತೋಳು ಕೊಟ್ಟಳು. ಲಾರಿ ನಿಲ್ಲುವ ಜಾಗದವರೆಗೂ ಅವನು ಆ ತೋಳು ಬಿಡಲಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಬಾಂಗ್ವೆಉಲು ಜೌಗಿನ ನಡುವಿನ ನ್ಸುಂಬಿ ಎಂಬ ದ್ವೀಪಕ್ಕೆ ವರ್ಗ ಮಾಡಿದರು. ಬೇಡದವರನ್ನು ಹಾಕುವ ಜಾಗ ಅದು. ಮುಲೊಂಬ್ವದ ಶಾಲೆಗೆ ಅದೇ ವರ್ಷ, ಅವಳು ಹೋದ ಮೇಲೆ, ಹೊಚ್ಚ ಹೊಸ ತಗಡು ಬಂದವು. ಮೊದಲ ಮೊಳೆಯನ್ನು ಗವರ್ನರರೇ ಹೊಡೆದರಂತೆ. ತಂಗಿ ಯಾರದೋ ಬಾಯಲ್ಲಿ ಹೇಳಿಕಳಿಸಿದಾಗ ಆಸ್ಟ್ರಿಡಾ "ಒಳ್ಳೇದಾಯ್ತು" ಎಂದಳು, ಅಷ್ಟೇ.

ದ್ವೀಪದಲ್ಲಿ ಶಾಲೆಯೆಂದರೆ ಜೊಂಡಿನ ಗೋಡೆಯ ಒಂದು ಗುಡಿಸಲು. ನೀರು ಇಳಿದ ಕಾಲಕ್ಕೆ ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ಮೀನು ಹಿಡಿಯುವ ಬೀಡುಗಳಿಗೆ ಹೋಗಿಬಿಡುವರು, ಶಾಲೆ ಖಾಲಿ. ಮೊದಲ ವರ್ಷ ಆಸ್ಟ್ರಿಡಾ ಖಾಲಿ ಗುಡಿಸಲಲ್ಲಿ ಕೂತಳು. ಎರಡನೆಯ ವರ್ಷ ಕರಿಹಲಗೆಯನ್ನು ದೋಣಿಗೆ ಹಾಕಿಸಿ ತಾನೂ ಬೀಡಿಗೆ ಹೋದಳು. ಬೆಳಿಗ್ಗೆ ಬಲೆ ಎಳೆದು ಬಂದ ಮಕ್ಕಳಿಗೆ ಮಧ್ಯಾಹ್ನ ಪಾಠ, ಸುತ್ತ ಒಣಮೀನಿನ ಹೊಗೆ. ಜನರು ಅವಳ ಪಾಲಿನ ಮೀನು ತಂದಿಡುತ್ತಿದ್ದರು. ಅಲ್ಲಿ ಪಕ್ಷದ ಕಚೇರಿ ಇರಲಿಲ್ಲ. ಇದ್ದ ಒಬ್ಬ ಪಕ್ಷದ ಮುಖಂಡನೂ ವರ್ಷದ ಎಂಟು ತಿಂಗಳು ದೋಣಿಯಲ್ಲೇ ಇರುತ್ತಿದ್ದ. ಶಿಕ್ಷೆಯೆಂದು ಕಳಿಸಿದ ಜಾಗ ಅವಳಿಗೆ ಹಿಡಿಸಿಬಿಟ್ಟಿತು.

ಮುಂದಿನ ಚುನಾವಣೆಯಲ್ಲಿ ಅವಳು ಹದ್ದಿಗೇ ಗುರುತು ಹಾಕಿದಳು. ಲೆಯಾಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಬೇಕಿತ್ತು. ಗುರುತು ಯಾರೂ ನೋಡುವುದಿಲ್ಲವೆಂದು ಹೇಳಿದರೂ, ಪೆಟ್ಟಿಗೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಸೀಟು ಸಿಕ್ಕಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ತಿಳಿಯಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಚಿಸಾಲಾ ಸತ್ತ ಸುದ್ದಿ ಬಂತು. ದೋಣಿ, ಲಾರಿ, ಮತ್ತೆ ಲಾರಿ ಹಿಡಿದು ಆಸ್ಟ್ರಿಡಾ ಮುಲೊಂಬ್ವ ಮುಟ್ಟುವಾಗ ಹೆಣ ಎತ್ತುವ ಹೊತ್ತು. ಮೊಸಳೆ ಕುಲದವರು ಗುಂಡಿ ತೋಡಿ ಮುಗಿಸಿದ್ದರು. ಅವಳು ಕೈಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು ನೇರ ಗುಂಡಿಯೊಳಕ್ಕೆ ಇಳಿದು ಕಾಲು ಚಾಚಿ ಕೂತಳು.

"ಏ ಮೀನೇ! ಜಾಗ ಇಲ್ಲ ಇಲ್ಲಿ, ವಾಪಸ್ಸು ಹೋಗು! ನೀರಿಲ್ಲದ ಕಡೆ ಬಂದು ಮಲಗ್ತೀಯಲ್ಲ, ನಾಚಿಕೆ ಆಗಲ್ವಾ? ನಿನ್ನ ಸುಟ್ಟು ತಿನ್ನೋಣ ಅಂತ ನಾನು ಅಷ್ಟು ದೂರದಿಂದ ಉಪ್ಪು ತಂದಿದೀನಿ!"

ಜನ ಅಳುತ್ತಲೇ ನಕ್ಕರು. ಮೀನಿನ ಕುಲದವರು ಒಂದು ಕೋಳಿ ತಂದುಕೊಟ್ಟು ಬೇಡಿಕೊಂಡ ಮೇಲೆಯೇ ಅವಳು ಎದ್ದದ್ದು. ಮೇಲೆ ಬರಲು ಕೈ ಕೊಟ್ಟವರಿಗೆ ಅವಳ ಮುಖ ಒದ್ದೆಯಾಗಿರುವುದು ಕಾಣಿಸಿತು.

ಆ ಸಂಜೆ ನಾಂಪುಂಡು ಅವಳನ್ನು ಮನೆಯ ಹಿಂದಕ್ಕೆ ಕರೆದಳು. ಮುದುಕಿ ಬೋಳಿಸಿದ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಪಿಸುಗುಟ್ಟಿದಳು:

"ಬಾನಾ ಲೆಯಾ, ನಿನ್ನ ಮೀನು ಅವತ್ತು ಸುಳ್ಳು ಹೇಳಿರ್ನಿಲ್ಲ ಕಣೇ. ನಿಜವಾಗ್ಲೂ ಕಿರುಬಕ್ಕೇ ಹಾಕಿದ್ದ. ಸಾಯೋ ಮುಂಚೆ ಹೇಳ್ದ. ನೀನು ಹೋಗಿ ಅವನು ಹಾಕಿಲ್ಲ ಅಂತ ಬಿಡಿಸ್ಕೊಂಡು ಬಂದ್ಯಲ್ಲ, ಅದಕ್ಕೇ ನಿನ್ನ ಮುಂದೆ ಹೇಳೋಕೆ ನಾಚ್ಕೊಂಡ."

ಆಸ್ಟ್ರಿಡಾ ಕಟ್ಟೆಯ ಮೇಲೆ ಕೂತಳು. ಹಾಗಾದರೆ ಆ ಪೆಟ್ಟಿಗೆಯಲ್ಲಿ ಅವಳದೊಂದೇ ಅಲ್ಲ, ಚಿಸಾಲಾನದೂ ಇತ್ತು. ಇನ್ನೆಷ್ಟಿದ್ದವೋ. ಎಲ್ಲವನ್ನೂ ಯಾರೋ ಕೂತು ಹೆಕ್ಕಿ ತೆಗೆದಿದ್ದರು. ನಾಂಪುಂಡು ಮುದ್ದೆ ತಂದಿಟ್ಟಳು; ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಕಾಲ ಬದಲಾಯಿತು. ತೊಂಬತ್ತರ ಆಸುಪಾಸಿಗೆ ಹಲವು ಪಕ್ಷಗಳು ಬರಬಹುದೆಂದು ಕಾನೂನಾಯಿತು. ಆಸ್ಟ್ರಿಡಾ ಆ ವೇಳೆಗೆ ತಂಗಿಯ ಆರೈಕೆಗೆಂದು ವರ್ಗ ಮಾಡಿಸಿಕೊಂಡು ಮುಲೊಂಬ್ವಕ್ಕೆ ಮರಳಿದ್ದಳು. ಹೊಸ ಪಕ್ಷದವರು ಜೀಪಿನಲ್ಲಿ ಬಂದು ಅವಳನ್ನು ವೇದಿಕೆಗೆ ಹತ್ತಿಸಿದರು. ಕತ್ತಲೆಯ ಕಾಲದಲ್ಲಿ ಬೇಡ ಎಂದ ವೀರ ಮಹಿಳೆ, ಎಂದು ಅಭ್ಯರ್ಥಿ ಪರಿಚಯಿಸಿದ. ಅವಳು ಮೈಕಿನ ಮುಂದೆ ನಿಂತು, "ನಾನು ಶಾಲೆ ತಗಡಿಗೋಸ್ಕರ ಹಾಕಿದ್ದು. ನೀವೂ ತಗೊಂಡು ಹೋದ್ರೆ ನಿಮಗೂ ಬೇಡ ಅಂತ್ಲೇ ಹಾಕ್ತೀನಿ," ಎಂದು ಇಳಿದುಬಂದಳು. ಮತ್ತೆ ಅವಳನ್ನು ಯಾವ ಸಭೆಗೂ ಕರೆಯಲಿಲ್ಲ.

ಆದರೆ ಊರಲ್ಲಿ ಕಿರುಬಗಳು ಹೆಚ್ಚುತ್ತ ಹೋದವು. ಆ ಮೂವರಲ್ಲಿ ತಾನೊಬ್ಬ ಎಂದು ಕ್ರಿಸಂತ್ ಹೇಳಿದ. ಸೈಕಲ್ ರಿಪೇರಿಯವನು ಹೇಳಿದ. ಅಂದು ಬಾಗಿಲಲ್ಲಿ ನಿಂತಿದ್ದ ಪಕ್ಷದ ಹುಡುಗ, ಈಗ ಹೊಟ್ಟೆ ಬಂದವನು, ಅವನೂ ಹೇಳಿದ. ಒಂದು ಸಂಜೆ ಬಾವಿಯ ಹತ್ತಿರ ಹೆಂಗಸರೇ ಎಣಿಸಿ ನೋಡಿದರು, ಮೂರು ಕಿರುಬಕ್ಕೆ ಇಪ್ಪತ್ತಕ್ಕೂ ಹೆಚ್ಚು ವಾರಸುದಾರರು. ಕೊಡ ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು. ಆಸ್ಟ್ರಿಡಾಳೂ ನಕ್ಕಳು. ಅವರಲ್ಲಿ ಸುಳ್ಳು ಹೇಳುವವರು ಎಷ್ಟು, ನಿಜವಾಗಿ ಹಾಕಿದ್ದವರು ಎಷ್ಟು ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಅವಳಂಥವಳಿಗೂ ಗೊತ್ತಿರಲಿಲ್ಲ.

ಚುನಾವಣೆ ನಡೆಯಿತು. ಮುಲೊಂಬ್ವದಲ್ಲಿ ಹಳೆಯ ಪಕ್ಷಕ್ಕೆ ಬೆರಳೆಣಿಕೆಯ ಓಟು. ಮಾರನೆಯ ದಿನದಿಂದ ಕಟೊಂಗೊನ ಅಂಗಡಿಯ ಮುಂದೆ ಯುವಕರು ನಿಂತು ಕಿರುಬನ ಹಾಗೆ ಊಳಿಡತೊಡಗಿದರು. ಗಿರಾಕಿಗಳು ನಿಂತುಹೋದರು.

ಒಂದು ಸಂಜೆ ಕಟೊಂಗೊ ಆಸ್ಟ್ರಿಡಾಳ ಅಂಗಳಕ್ಕೆ ಬಂದ. ಕೂದಲು ನೆರೆತಿತ್ತು. ಅವಳು ಮಣೆ ಹಾಕಿ ಚಹಾ ಕೊಟ್ಟಳು. ಅವನು ಕಪ್ಪನ್ನು ಮಣೆಯ ಪಕ್ಕ ಇಟ್ಟ.

"ಟೀಚರಮ್ಮ, ಈಗಂತೂ ಯಾರನ್ನೂ ಯಾರೂ ಹಿಡ್ಕೊಂಡು ಹೋಗಲ್ಲ. ನಂಗೊಂದು ಹೇಳ್ಬಿಡಿ. ನಿಮ್ಮನ್ನ ಬಿಟ್ಟು ಉಳಿದಿಬ್ಬರು ಯಾರು?"

"ಈಗ ತಿಳ್ಕೊಂಡು ಏನು ಮಾಡ್ತೀರಿ?"

"ಬೆರ್ತಾ," ಎಂದ ಅವನು. "ನನ್ನ ಎರಡನೇ ಹೆಂಡ್ತಿ. ಅವಳು ಆವಾಗ ನನ್ನ ಮೇಲೆ ಸಿಟ್ಟಾಗಿದ್ಲು. ಅವಳೇ ಹಾಕಿರಬೇಕು ಅಂತ ನಂಗೆ ಅನ್ನಿಸ್ತು. ಕೇಳ್ದೆ. ಇಲ್ಲ ಅಂದ್ಲು. ಮತ್ತೆ ಮತ್ತೆ ಕೇಳ್ದೆ. ಕೊನೆಗೆ ಅವ್ವನ ಮನೆಗೆ ಕಳಿಸಿಬಿಟ್ಟೆ. ಮಾನ್ಸಾದಾಗೆ ಬೇರೆಯವನ್ನ ಮಾಡ್ಕೊಂಡವ್ಳೆ ಈಗ, ನಾಲ್ಕು ಮಕ್ಕಳಂತೆ."

ಆಸ್ಟ್ರಿಡಾ ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಹದಿಮೂರು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಅವನ ಮುಂದೆ ಆಡಿದಳು, ಏರಿಸದೆ ಇಳಿಸದೆ. ಪೆಟ್ಟಿಗೆಯಲ್ಲಿ ಒಂದೂ ಕಿರುಬ ಇರಲಿಲ್ಲ ಎಂದು. ಆ ಮೂರನ್ನೂ ತಾನೇ ಬರೆದದ್ದು ಎಂದು, ಎರಡು ಯಾರವೂ ಅಲ್ಲ ಎಂದು.

ಕಟೊಂಗೊ ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಯಾರೂ ಅಲ್ವಾ?"

"ಯಾರೂ ಅಲ್ಲ."

"ನೀವು ಅವತ್ತೇ ಹೇಳಿದ್ರೆ..." ಎಂದವನು ಪೂರ್ತಿ ಮಾಡಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮತ್ತೆ ಬೆರ್ತಾಳ ಮಾತೆತ್ತಿದ: "ಹಂಗಾರೆ ಅವಳು ಹಾಕಿರಲಿಲ್ಲ."

"ಅದನ್ನ ನಾನು ಹೇಳಲಾರೆ. ಹಾಕಿರಲೂಬಹುದು. ಆ ಪೆಟ್ಟಿಗೇಲಿ ಏನೇನಿತ್ತು ಅಂತ ನಿಮ್ಮ ಪಕ್ಷದ ಕಚೇರಿಗೇ ಗೊತ್ತು."

ಅವನು ಚಹಾ ಕುಡಿದು ಮುಗಿಸಿ, ಕಪ್ಪನ್ನು ತಾನೇ ತೊಳೆದು ಬೋರಲು ಹಾಕಿ ಹೋದ. ಮಾರನೆಯ ಬೆಳಿಗ್ಗೆ ಆಸ್ಟ್ರಿಡಾ ಅವನ ಅಂಗಡಿಗೆ ಹೋಗಿ, ಊಳಿಡುತ್ತಿದ್ದ ಯುವಕರ ನಡುವೆಯೇ ದಾಟಿ ಸೋಪು ಕೊಂಡಳು. ಅವರಲ್ಲಿ ಅರ್ಧದಷ್ಟು ಮಂದಿಗೆ ಅವಳೇ ಅಕ್ಷರ ಕಲಿಸಿದ್ದಳು. ಅವರು ಸುಮ್ಮನಾಗಿ ದಾರಿ ಬಿಟ್ಟರು. ಮುಂದಿನ ವಾರದಿಂದ ಒಬ್ಬೊಬ್ಬರೇ ಹೆಂಗಸರು ಆ ಅಂಗಡಿಗೆ ಬರತೊಡಗಿದರು. ಬೇರೆ ಕಡೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಆಸ್ಟ್ರಿಡಾ ಮುಲೊಂಬ್ವದಲ್ಲಿ ನಿಲ್ಲಲಿಲ್ಲ. ತಂಗಿ ತೀರಿಕೊಂಡಿದ್ದಳು, ಲೆಯಾ ದೂರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸಂಸಾರ ಮಾಡಿಕೊಂಡಿದ್ದಳು. ಮಗಳು ಕರೆದಳು, ಹೋಗಿ ಒಂದು ತಿಂಗಳಿದ್ದು ಬಂದಳು. ಆಮೇಲೆ ಗಂಟು ಕಟ್ಟಿ ನ್ಸುಂಬಿ ದ್ವೀಪಕ್ಕೆ ಹೊರಟಳು. ಅಲ್ಲಿ ಒಂದು ಗುಡಿಸಲು ಹಾಕಿಸಿಕೊಂಡು ಬಾತುಕೋಳಿ ಸಾಕಿದ್ದಾಳೆ. ನೀರು ಇಳಿದಾಗ ಬೀಡಿಗೆ ಹೋಗುವ ದೋಣಿಗಳು ಅವಳ ಮನೆಯ ಮುಂದೆಯೇ ಹಾದುಹೋಗುತ್ತವೆ. ಬರುತ್ತೀರಾ ಟೀಚರಮ್ಮ ಎಂದು ಯಾರಾದರೂ ಕೂಗುತ್ತಾರೆ. ಮೊಣಕಾಲು ನೋವಿಲ್ಲದ ವರ್ಷ ಅವಳು ಹೋಗುತ್ತಾಳೆ.